ತೆರೆಸಿದ ಕಣ್ಣು

ಸತ್ತವರ ಕಣ್ಣು ತೆರೆಸುವುದರಲ್ಲಿ ಬಸವೇಶನನ್ನು ಸರಿಗಟ್ಟುವವರು ಹಿರೇಕೆರೂರಿನಲ್ಲೇ ಇಲ್ಲ ಎಂಬ ಮಾತಿತ್ತು. ಆ ಕಡೆ ಯಾರಾದರೂ ತೀರಿಕೊಂಡರೆ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿಯೋ ಭಂಡಾರವೋ ಬಳಿದು, ಕೊರಳಿಗೆ ಹಾರ ಹಾಕಿ, ಮನೆಮಂದಿಯೆಲ್ಲ ಎಡಬಲಕ್ಕೆ ಕೂತು ಒಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಬದುಕಿದ್ದಾಗ ಕ್ಯಾಮೆರಾದ ಮುಂದೆ ನಿಲ್ಲದ ಎಷ್ಟೋ ಜೀವಗಳಿಗೆ ಅದೇ ಮೊದಲ ಫೋಟೊ, ಅದೇ ಕೊನೆಯದು. ತಿಥಿಯ ದಿನದ ಕಾರ್ಯಕ್ಕೆ ಬ್ಯಾನರು ಬೇಕಾದಾಗ ಮನೆಯವರು ಅದನ್ನೇ ಮೊಬೈಲಿನಲ್ಲಿ ತಂದು ಬಸವೇಶನ ಮುಂದೆ ಹಿಡಿದು, ಕಣ್ಣು ತೆರೆಸಿ ಕೊಡಿರೆಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಅದಕ್ಕಾಗಿಯೇ ಅವನ ಕಂಪ್ಯೂಟರಿನಲ್ಲಿ ‘ಕಣ್ಣು’ ಎಂಬ ಫೋಲ್ಡರು ಇದೆ. ಮೂವತ್ತು ನಲವತ್ತು ಜೊತೆ ಕಣ್ಣುಗಳು. ಗಂಡಸರವು, ಹೆಂಗಸರವು, ಮುದುಕರವು, ಒಂದೆರಡು ಮಕ್ಕಳವು. ಮದುವೆಯ ಆಲ್ಬಮ್ಮುಗಳಿಂದ, ಚುನಾವಣೆಯ ಬ್ಯಾನರುಗಳಿಂದ ಆರಿಸಿಟ್ಟವು. ಸತ್ತ ಗೌಡರೊಬ್ಬರು ಸೋತ ಅಭ್ಯರ್ಥಿಯ ಕಣ್ಣಿನಿಂದ ಜನರನ್ನು ನೋಡಿದ್ದೂ ಉಂಟು. ಯಾರಿಗೂ ತಿಳಿಯಲಿಲ್ಲ, ಕೈಮುಗಿದು ಹೋದರು. ಇಂಥ ಕೈಚಳಕದ ಬಸವೇಶನಿಗೆ ಆ ಗುರುವಾರ ಬೆಳಗಿನಿಂದ ಲಕ್ಕಪ್ಪನ ಕಣ್ಣು ಮಾತ್ರ ಕೈಗೆ ಹತ್ತಲೊಲ್ಲದು.

ಲಕ್ಕಪ್ಪ ಅಬಲೂರಿನವನು. ಭಜನಾ ಮೇಳದಲ್ಲಿ ಹಿಂದೆ ಕೂತು ತಾಳ ಹಾಕುತ್ತಿದ್ದ; ಮೇಳ ಹಾಡುತ್ತಿದ್ದ ಪದಗಳನ್ನು ಕಟ್ಟುತ್ತಿದ್ದವನೂ ಅವನೇ. ಸತ್ತು ಎರಡು ತಿಂಗಳಾಗಿತ್ತು. ಬದುಕಿದ್ದಾಗ ಅವನನ್ನು ತಾಳದವನು ಎಂದಷ್ಟೇ ಕರೆಯುತ್ತಿದ್ದ ನಾಲ್ಕು ತಾಲ್ಲೂಕಿನ ಜನ, ಅವನ ಪದವೊಂದು ಮೊಬೈಲುಗಳಲ್ಲಿ ಹರಿದಾಡತೊಡಗಿದ ಮೇಲೆ ಒಮ್ಮೆಲೇ ‘ಲಕ್ಕಪ್ಪನವರು’ ಎನ್ನಲು ಕಲಿತಿದ್ದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರಲ್ಲ, ಹಾಗೆ. ಹಾನಗಲ್ಲಿನ ಪರಮೇಶ್ವರಪ್ಪನವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಸಂಗೀತಕ್ಕೆಂದೇ ‘ತಂಬೂರಿ’ ಎಂಬ ಮಾಸಪತ್ರಿಕೆ ಹೊರಡಿಸುವವರಿದ್ದರು. ಮೊದಲ ಸಂಚಿಕೆಯ ಮುಖಪುಟಕ್ಕೆ ಲಕ್ಕಪ್ಪನೇ ಬೇಕೆಂದು ಹಟ ಹಿಡಿದಿದ್ದರು. ಅಷ್ಟೇ ಅಲ್ಲ, ದೊಡ್ಡ ಊರುಗಳ ಆರೇಳು ಸಂಗೀತ ಪತ್ರಿಕೆಗಳನ್ನು ಅಂಗಡಿಯ ಟೇಬಲ್ಲಿನ ಮೇಲೆ ಹರವಿ, ಪಾಠ ಹೇಳಿದ ರೂಢಿಯಲ್ಲೇ ಅವುಗಳ ಕಟ್ಟಳೆಗಳನ್ನು ಬಸವೇಶನಿಂದ ಬರೆಸಿದ್ದರು. ಆ ಹಾಳೆ ಈಗ ಟೇಬಲ್ಲಿನ ಗಾಜಿನ ಕೆಳಗಿತ್ತು. ಮುಖಪುಟದಲ್ಲಿ ಒಂದೇ ಮುಖ, ಎದೆಯಿಂದ ಮೇಲೆ. ತಲೆ ಪತ್ರಿಕೆಯ ಹೆಸರನ್ನು ಸ್ವಲ್ಪ ಮುಚ್ಚಬೇಕು. ಮೂರಕ್ಕಿಂತ ಹೆಚ್ಚು ಬಣ್ಣ ಕೂಡದು. ಶಾಸ್ತ್ರೀಯಕ್ಕಾದರೆ ಗಂಧದ ಬಣ್ಣ, ಜಾನಪದಕ್ಕಾದರೆ ಮಣ್ಣಿನ ಬಣ್ಣ. ಒಳಪುಟದಲ್ಲಿ ಕಲಾವಿದನ ಮಾತೊಂದು ದೊಡ್ಡ ಅಕ್ಷರದಲ್ಲಿ ಇರಬೇಕು. ಮತ್ತು ಎರಡು ಗೆರೆ ಎಳೆಸಿ ಬರೆಸಿದ್ದು: ಕಣ್ಣು ನೇರ ಓದುಗನನ್ನೇ ನೋಡುತ್ತಿರಬೇಕು. ‘ಪತ್ರಿಕೀನ ಮಾರೂವು ಕಣ್ಣ ನೋಡ್ರಿ’ ಎಂದಿದ್ದರು ಪರಮೇಶ್ವರಪ್ಪ. ಯಾರೂ ಕೇಳರಿಯದ ಪತ್ರಿಕೆಯ ಹೆಸರನ್ನು ಲಕ್ಕಪ್ಪನ ರುಮಾಲಿನಿಂದ ಮುಚ್ಚಿದರೆ ಓದುವವರು ಏನೆಂದು ಓದಬೇಕು ಎಂಬ ಪ್ರಶ್ನೆ ಬಸವೇಶನ ನಾಲಿಗೆಯ ತುದಿಗೆ ಬಂದು ಹಿಂದೆ ಹೋಗಿತ್ತು. ದೊಡ್ಡವರ ಎದುರು ಅವನ ಪ್ರಶ್ನೆಗಳೆಲ್ಲ ಹಾಗೇ ಹಿಂದೆ ಹೋಗುತ್ತವೆ. ಇಪ್ಪತ್ತು ವರ್ಷ ಶ್ರದ್ಧಾಂಜಲಿ ಬ್ಯಾನರು, ಲಗ್ನಪತ್ರಿಕೆ, ಭಜನಾ ಪದಗಳ ಸಿ.ಡಿ. ಕವರು ಮಾಡಿದವನಿಗೆ ಮರ್ಯಾದೆಯ ಕೆಲಸವೊಂದು ಸಿಕ್ಕಿದ್ದು ಇದೇ ಮೊದಲು. ಒಳಗೆ ‘ವಿನ್ಯಾಸ: ಬಸವೇಶ’ ಎಂದು ಹಾಕುವುದಾಗಿ ಹೇಳಿದ್ದರು. ಸಂಜೆ ನಾಲ್ಕಕ್ಕೆ ಹುಬ್ಬಳ್ಳಿಯ ಪ್ರೆಸ್ಸಿಗೆ ಮುಖಪುಟ ಹೋಗಬೇಕಿತ್ತು.

ಬದುಕಿದ್ದ ಲಕ್ಕಪ್ಪನ ಫೋಟೊ ಒಂದೂ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಹೆಬ್ಬೆಟ್ಟಿನಷ್ಟು ಕಪ್ಪು ಮಸಿ. ಯೂಟ್ಯೂಬಿನಲ್ಲಿ ಮೇಳದ ಯಜಮಾನ ಹಾರ್ಮೋನಿಯಂ ಮುಂದೆ ಕೂತು ಬಾಯಿ ತೆರೆದಿದ್ದಾನೆ, ಅವನ ಹೆಗಲ ಹಿಂದೆ ಒಂದು ರುಮಾಲಿನ ನೆರಳು ಅಲ್ಲಾಡುತ್ತದೆ, ಅಷ್ಟೇ. ಇಂಥವನ ಒಂದು ಫೋಟೊ ಯಾರೂ ತೆಗೆಯಲಿಲ್ಲವಲ್ಲ, ಎಂಥ ಜನ ನಾವು ಎಂದು ಪರಮೇಶ್ವರಪ್ಪ ಫೋನಿನಲ್ಲಿ ಹಲುಬಿದಾಗ ಬಸವೇಶ ಹೂಂಗುಟ್ಟಿದ್ದ. ತೆಗೆದಿದ್ದರು. ಹನ್ನೊಂದು ಸಿ.ಡಿ.ಗಳಿಗೆ ಹನ್ನೊಂದು ಸಲ ಮೇಳದ ಆರೂ ಜನ ಸಾಲಾಗಿ ನಿಂತಿದ್ದರು, ಎಡತುದಿಗೆ ಲಕ್ಕಪ್ಪ. ಹನ್ನೊಂದು ಸಲವೂ ಅವನನ್ನು ಕತ್ತರಿಸಿ ತೆಗೆದವನು ಬಸವೇಶ. ಲಕ್ಕಪ್ಪನ ಒಂದು ಕಣ್ಣಿನಲ್ಲಿ ಹೂ ಬಿದ್ದಿತ್ತು. ಕರಿಗುಡ್ಡೆಯ ಮೇಲೆ ಬೆಂದ ಅಕ್ಕಿಕಾಳಿನಷ್ಟು ಬಿಳಿ. ಕವರು ಸಣ್ಣದು, ಆರು ಜನ ಹಿಡಿಸುವುದಿಲ್ಲ ಎಂಬುದು ಬಾಯಿಮಾತಿನ ಕಾರಣ. ಕತ್ತರಿಸಿದ್ದನ್ನು ಬೇರೆ ಹೆಸರಿನಲ್ಲಿ ಇಡಬೇಕು, ಮೂಲವನ್ನು ಹಾಗೇ ಉಳಿಸಬೇಕು ಎಂಬುದು ಈ ಕಸುಬಿನ ಮೊದಲ ದಿನದ ಪಾಠ. ಬಸವೇಶ ಅವಸರದಲ್ಲಿ ಮೂಲದ ಮೇಲೆಯೇ ಸೇವ್ ಒತ್ತುತ್ತಿದ್ದ. ಒಂದು ಬೆರಳಿನ ಕೆಲಸ. ಈಗ ಆ ಹನ್ನೊಂದು ಫೋಟೊಗಳಲ್ಲೂ ಐದೇ ಜನ. ಒಂದನ್ನು ಬಿಟ್ಟರೆ ಉಳಿದವುಗಳಲ್ಲಿ ಎಡಕ್ಕೆ ಯಾರೋ ಇದ್ದರೆಂಬ ಗುರುತೂ ಇಲ್ಲ.

ಯಜಮಾನನೇ ತೆಗೆಯಲು ಹೇಳಿದ್ದ ಎಂದು ಬಸವೇಶ ಎಷ್ಟೋ ವರ್ಷದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಹೇಳಿದ್ದನ್ನೇ ಹೇಳುತ್ತಿದ್ದರೆ ಮನಸ್ಸೂ ಕಡೆಗೆ ನಂಬುತ್ತದೆ. ಆದರೆ ಈ ಬೆಳಗ್ಗೆ ಆ ಮುಚ್ಚಿದ ರೆಪ್ಪೆಗಳನ್ನು ಪರದೆಯ ತುಂಬ ಹಿಗ್ಗಿಸಿಕೊಂಡು ಕೂತಾಗ ನಂಬಿಕೆ ಕೈಕೊಟ್ಟಿತು. ಮೊದಲ ಸಿ.ಡಿ.ಯ ದಿನ ಪ್ರಿಂಟನ್ನು ಕೈಯಲ್ಲಿ ಹಿಡಿದ ಯಜಮಾನ ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ. ಬಸವೇಶನೇ ಮುಂದೆ ಬಿದ್ದು, ‘ಈ ಕಣ್ಣ ಕವರಿಗೆ ಚಲೋ ಕಾಣೂದಿಲ್ರಿ, ತಗದ ಬಿಡೋಣು’ ಎಂದಿದ್ದ. ಹೇಳಿ ತಿರುಗಿದರೆ ಲಕ್ಕಪ್ಪ ಬಾಗಿಲಲ್ಲೇ ನಿಂತಿದ್ದ, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಕಾಲಿಡಲೋ ಬೇಡವೋ ಎಂಬಂತೆ. ಅವನಿಗೆ ಕೇಳಿಸಿತ್ತು. ಅವನು ನಕ್ಕಿದ್ದ. ಬೈದಿದ್ದರೆ ಒಳ್ಳೆಯದಿತ್ತು, ಬೈಗುಳವಾದರೆ ಮರೆತುಹೋಗುತ್ತದೆ. ‘ಹಾಡ ಕೇಳಾವರಿಗೆ ನನ್ನ ಕಣ್ಣ ಯಾಕ ಬೇಕ್ರಿ. ತಗೀರಿ’ ಎಂದಿದ್ದ. ಆಮೇಲೆ ಆರನೆಯದೋ ಏಳನೆಯದೋ ಕವರಿನಲ್ಲಿ ಕತ್ತರಿ ಸ್ವಲ್ಪ ಆಚೆ ಬಿದ್ದು, ಎಡ ಅಂಚಿನಲ್ಲಿ ತಾಳ ಹಿಡಿದ ಒಂದು ಕೈ ಮಾತ್ರ ಉಳಿದುಬಿಟ್ಟಿತ್ತು, ಮಣಿಕಟ್ಟಿನವರೆಗೆ. ಯಜಮಾನ ನೋಡಲಿಲ್ಲ, ಬಸವೇಶನೂ ನೋಡಲಿಲ್ಲ. ನೋಡಿದವನು ಲಕ್ಕಪ್ಪ. ಅಂಗಡಿಗೆ ಬಂದು ಕವರನ್ನು ಮೂಗಿನ ಹತ್ತಿರ ಹಿಡಿದು, ‘ಅಣ್ಣಾರ, ಈ ಕೈ ನಂದ ಅಲ್ಲೇನ್ರಿ?’ ಎಂದು ಕೇಳಿದ್ದ. ತಪ್ಪು ಹಿಡಿಯಲು ಬಂದಿದ್ದಾನೆಂದು ಬಸವೇಶನಿಗೆ ಸಿಟ್ಟು ಬಂದಿತ್ತು. ಮುಂದಿನದರಲ್ಲಿ ಸರಿ ಮಾಡುತ್ತೇನೆಂದು ಮುಖ ತಿರುಗಿಸಿದ್ದ. ಲಕ್ಕಪ್ಪ ತಪ್ಪು ಹಿಡಿಯಲು ಬಂದಿರಲಿಲ್ಲ. ಬೀಗರಿಗೆ ತೋರಿಸಲು ಅವನಿಗೆ ಇನ್ನೂ ನಾಲ್ಕು ಕವರು ಬೇಕಾಗಿದ್ದವು. ಮುಂದಿನ ಕವರಿನಲ್ಲಿ ಬಸವೇಶ ಮಾತು ಉಳಿಸಿಕೊಂಡ. ಆ ಕೈಯೂ ಹೋಯಿತು.

ಹೀಗಾಗಿ ಉಳಿದದ್ದು ಸ್ಟುಡಿಯೊದ ಮುಬಶೀರ ಎರಡು ತಿಂಗಳ ಹಿಂದೆ ತೆಗೆದ ಕಡೆಯ ಫೋಟೊ. ಬಸವೇಶ ಕೊರಳ ಹಾರ ಅಳಿಸಿದ, ಮೂಗಿನ ಹತ್ತಿ ಅಳಿಸಿದ, ಗದ್ದಕ್ಕೆ ಕಟ್ಟಿದ್ದ ಬಟ್ಟೆ ಅಳಿಸಿದ, ತುಟಿಗೆ ಬಣ್ಣ ತಂದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ದುರಗವ್ವನನ್ನು ಕತ್ತರಿಸಿದ. ಆಕೆಯ ಕೈ ಗಂಡನ ಮೊಣಕಾಲಿನ ಮೇಲಿತ್ತು. ಈ ಸಲ ಬೇರೆ ಹೆಸರಿನಲ್ಲಿಯೇ ಇಟ್ಟ. ಫೋಲ್ಡರಿನ ಕಣ್ಣುಗಳನ್ನು ಒಂದೊಂದಾಗಿ ಕೂರಿಸಿ ನೋಡಿದ. ಒಂದು ಜೊತೆ ಹಾಕಿದರೆ ಲಕ್ಕಪ್ಪ ಮದುಮಗನಂತೆ ಕಂಡ, ಇನ್ನೊಂದು ಜೊತೆಗೆ ಓಟು ಕೇಳುವವನಂತೆ. ಬ್ಯಾನರಿಗಾದರೆ ನಡೆಯುತ್ತಿತ್ತು, ದೂರದಿಂದ ನೋಡುವ ಜನ, ಅಳುವ ಜನ. ಪತ್ರಿಕೆಯನ್ನು ಗೇಣು ದೂರದಲ್ಲಿ ಹಿಡಿದು ನೋಡುತ್ತಾರೆ. ಕಡೆಗೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಟ್ಯೂಬ್‌ಲೈಟಿನ ಕೆಳಗೆ ಗೋಡೆಗೆ ಒರಗಿ, ಆ ಫೋಟೊದಲ್ಲಿ ಲಕ್ಕಪ್ಪ ಕೂತ ಹಾಗೆಯೇ ಕೂತು, ಬಸವೇಶ ಮೊಬೈಲಿನಲ್ಲಿ ತನ್ನ ಮುಖವನ್ನೇ ತೆಗೆದುಕೊಂಡ. ಅವನ ಕಣ್ಣು ಲಕ್ಕಪ್ಪನ ಮುಖಕ್ಕೆ ಕೂತವು. ಒಂದು ಹೊಲಿಗೆಯೂ ಕಾಣದಂತೆ ಕೂತವು. ಇಪ್ಪತ್ತು ವರ್ಷ ತಾನು ಮುಖ ಕೊಟ್ಟು ನೋಡದೇ ಇದ್ದ ಮನುಷ್ಯ ಈಗ ತನ್ನ ಕಣ್ಣಿನಿಂದಲೇ ತನ್ನನ್ನು ನೇರ ನೋಡುವುದನ್ನು ತಾಳಲಾರದೆ ಬಸವೇಶ ಎದ್ದು ನೀರು ಕುಡಿದ. ಒಮ್ಮೆ ನೋಡಲಿ ಎಂದು ಪುಟವನ್ನು ಪರಮೇಶ್ವರಪ್ಪನವರಿಗೆ ಕಳಿಸಿದ.

ಕಳಿಸಿದ ಮೇಲೆ ಮತ್ತೆ ಪರದೆಯ ಮುಂದೆ ಬಂದು ಕೂತ. ಹೂ ಇಲ್ಲದ ಕಣ್ಣು. ಇದ್ದಾಗ ತೆಗೆದದ್ದಾಯಿತು, ಸತ್ತ ಮೇಲೂ ತೆಗೆಯುವುದೇ? ಅದನ್ನೊಂದು ಇಟ್ಟುಬಿಟ್ಟರೆ, ಹೂ ಇಟ್ಟ ಆ ಮುಖವೇ ಅಚ್ಚಾಗಿ ನಾಲ್ಕು ತಾಲ್ಲೂಕಿನ ಅಂಗಡಿಗಳಲ್ಲಿ ನೇತಾಡಿದರೆ, ಹನ್ನೊಂದು ಋಣದಲ್ಲಿ ಒಂದಾದರೂ ತೀರಿದಂತೆ ಎಂದು ಅವನಿಗೆ ಅನ್ನಿಸಿತು. ಬಿಳಿ ಬಣ್ಣ ತೆಗೆದುಕೊಂಡು ಬಲಗಣ್ಣಿನ ಮೇಲೆ ಇಟ್ಟ. ಹೌದು, ಇದೇ ಲಕ್ಕಪ್ಪ ಎನ್ನಿಸಿತು. ಎಡಗಣ್ಣಿನ ಮೇಲೆ ಇಟ್ಟು ನೋಡಿದ. ಅದೂ ಹೌದೆನ್ನಿಸಿತು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಹನ್ನೊಂದು ಸಲ ಆ ಮುಖದ ಮೇಲೆ ಕತ್ತರಿ ಆಡಿಸಿದವನಿಗೆ, ಆ ಬಿಳಿಯನ್ನು ಕಂಡು ಮೈ ಜುಮ್ಮೆನ್ನಿಸಿಕೊಂಡವನಿಗೆ, ಅದು ಯಾವ ಕಣ್ಣು ಎಂಬುದು ಗೊತ್ತಿರಲಿಲ್ಲ. ಯಜಮಾನನಿಗೆ ಫೋನು ಮಾಡಿದರೆ, ಅವನ ಕಣ್ಣಿನಲ್ಲಿ ಹೂ ಇತ್ತೇ ಎಂದು ಅವನೇ ತಿರುಗಿ ಕೇಳಿದ. ಮುಬಶೀರ ಲಕ್ಕಪ್ಪನನ್ನು ನೋಡಿದ್ದೇ ಕಣ್ಣು ಮುಚ್ಚಿದ ಮೇಲೆ. ಗೊತ್ತಿದ್ದವಳು ದುರಗವ್ವ ಒಬ್ಬಳೇ. ಬಸವೇಶ ಎರಡು ಪ್ರಿಂಟು ತೆಗೆದ, ಹೂ ಬಲಕ್ಕಿದ್ದದ್ದು ಒಂದು, ಎಡಕ್ಕಿದ್ದದ್ದು ಒಂದು. ಎರಡನ್ನೂ ಲಕೋಟೆಯಲ್ಲಿ ಹಾಕಿಕೊಂಡು ಬೈಕು ಹತ್ತಿದ.

ಅಬಲೂರಿನ ದಾರಿಯಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿದ್ದರು. ಕಾಳಿನ ಅಂಚಿಗೆ ಸಾಲಾಗಿ ಕಲ್ಲು. ಗಾಡಿಗಳು ಉಳಿದ ಅರ್ಧದಲ್ಲಿ ಹೋಗುತ್ತಿದ್ದವು. ಬಸವೇಶ ಹೇಗೆ ಕೇಳಬೇಕೆಂದು ಬಾಯಿಪಾಠ ಮಾಡುತ್ತ ಹೊರಟಿದ್ದ. ನಿಮ್ಮ ಮನೆಯವರ ಯಾವ ಕಣ್ಣಿನಲ್ಲಿ ಹೂ ಇತ್ತು? ಬೈದ ಹಾಗಿತ್ತು. ಅವರ ಕಣ್ಣಿನ ಬಗ್ಗೆ ಒಂದು ಮಾತು ಕೇಳಬೇಕಿತ್ತು? ಪೊಲೀಸರ ಹಾಗಿತ್ತು. ಮರೆತಿದ್ದೇನೆ ಎಂದರೆ ನೋಡಿದ್ದೆ ಎಂದಾಗುತ್ತದೆ. ನೋಡೇ ಇರಲಿಲ್ಲ ಎಂದು ಆ ಹೆಂಗಸಿನ ಮುಂದೆ ಹೇಳುವುದು ಹೇಗೆ? ಒಳಪುಟದ ದೊಡ್ಡ ಅಕ್ಷರದ ಮಾತು ನೆನಪಾಯಿತು. ‘ನಾದವೇ ನನ್ನ ನಿಜವಾದ ನೋಟ: ಲಕ್ಕಪ್ಪ’. ಅದನ್ನು ಬರೆದವರು ಪರಮೇಶ್ವರಪ್ಪ. ಲಕ್ಕಪ್ಪ ನಿಜವಾಗಿ ಆಡಿದ ಮಾತು ಬಸವೇಶನಿಗೆ ಎರಡೇ ಗೊತ್ತಿದ್ದದ್ದು, ಎರಡನ್ನೂ ಪತ್ರಿಕೆಯಲ್ಲಿ ಹಾಕುವಂತಿರಲಿಲ್ಲ.

ಊರ ಅಗಸಿಬಾಗಿಲ ಹತ್ತಿರ ಫೋನು ಬಂತು. ಪರಮೇಶ್ವರಪ್ಪನವರ ದನಿಯಲ್ಲಿ ಹಬ್ಬವಿತ್ತು. ಪುಟ ಭಾರಿ ಆಗಿದೆ, ದೊಡ್ಡ ಊರಿನವರು ಮೂಗಿನ ಮೇಲೆ ಬೆರಳಿಡಬೇಕು, ಕಣ್ಣು ನೋಡಿದರೆ ಮಾತನಾಡಿಸಿದಂತಾಗುತ್ತದೆ ಎಂದರು. ನಾಲ್ಕರವರೆಗೆ ಯಾಕೆ ಕಾಯಬೇಕೆಂದು ತಾವೇ ಪ್ರೆಸ್ಸಿಗೆ ಕಳಿಸಿದ್ದರು, ಅಲ್ಲಿ ಅಚ್ಚು ಹಾಕುವ ಪ್ಲೇಟೂ ತಯಾರಾಗಿತ್ತು. ಬಸವೇಶ, ‘ಕಣ್ಣಾಗ ಇನ್ನೊಂದ ಸಣ್ಣ ಕೆಲಸ ಉಳದಿತ್ರಿ ಸರ್’ ಎಂದ. ಏನು ಕೆಲಸ ಎಂದು ಅವರು ಕೇಳಿದರು. ‘ಏನಿಲ್ಲ ಬಿಡ್ರಿ’ ಎಂದ. ಫೋನು ಕಿಸೆಗೆ ಹಾಕಿದಾಗ ಅವನಿಗೆ ಆದದ್ದು ಹಗುರ. ಇನ್ನು ಕೇಳಬೇಕಾಗಿಲ್ಲ, ಇನ್ನು ತನ್ನ ಕೈಯಲ್ಲಿ ಏನೂ ಇಲ್ಲ. ಹಾಗೆ ಹಗುರವಾದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು. ಬಂದರೂ ಬೈಕು ತಿರುಗಿಸಿದ್ದ. ಅಷ್ಟರಲ್ಲಿ ರಸ್ತೆಯ ಅಂಚಿಗೆ ಜೋಳ ಹರವುತ್ತಿದ್ದ ಹೆಂಗಸು ಕೈಯನ್ನು ಹಣೆಗೆ ಅಡ್ಡ ಹಿಡಿದು, ‘ಕವರಿನ ಅಣ್ಣಾರ ಅಲ್ಲೇನ್ರಿ?’ ಎಂದು ಕೂಗಿದಳು. ದುರಗವ್ವ. ಫೋಟೊದಲ್ಲಿ ಕತ್ತರಿಸಿದ್ದಕ್ಕಿಂತ ಸಣ್ಣಗಾಗಿದ್ದಳು. ಬಸವೇಶ ಇಳಿದ.

ಆಕೆಯ ಮನೆಯೊಳಗೆ ಕತ್ತಲು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಎದುರು ಗೋಡೆಯಲ್ಲಿ, ದೇವರ ಗೂಡಿನ ಪಕ್ಕ, ಅಂಗೈಯಗಲದ ಒಂದು ಕಟ್ಟು ಹಾಕಿಸಿದ ಚಿತ್ರವಿತ್ತು. ಗಾಜಿಗೆ ಕುಂಕುಮ, ಮೇಲೊಂದು ಬಾಡಿದ ಸೇವಂತಿಗೆ. ಹತ್ತಿರ ಹೋಗಿ ನೋಡಿದರೆ ಅದು ಅವನದೇ ಕವರು. ಐದು ಜನ ಇರಲಿಲ್ಲ. ಯಜಮಾನನನ್ನೂ ಸೇರಿಸಿ ಐವರನ್ನೂ ಕತ್ತರಿಯಿಂದ ನೇರ ಕತ್ತರಿಸಿ ತೆಗೆದಿದ್ದರು. ತಾಳ ಹಿಡಿದ ಕೈಯೊಂದೇ ಉಳಿದಿತ್ತು. ‘ನಮ್ಮನಿಯವರು ತಾವ ಕತ್ತರಿಸಿ ಇಟ್ಟಿದ್ರು’ ಎಂದಳು ದುರಗವ್ವ, ಅವನು ನೋಡುವುದನ್ನು ಕಂಡು. ಬೇರೇನೂ ಇರಲಿಲ್ಲವಾದ್ದರಿಂದ ಹೂವನ್ನು ಅದಕ್ಕೇ ಏರಿಸುತ್ತಿದ್ದಳಂತೆ. ಪ್ಯಾಟಿಯ ಹಾಳೆಯಲ್ಲಿ ಮುಖ ಬರುತ್ತದೆಂದು ಪರಮೇಶ್ವರಪ್ಪನವರು ಹೇಳಿ ಕಳಿಸಿದ್ದರಂತೆ. ಅಂದಿನಿಂದ ಓಣಿಯ ಹೆಂಗಸರು ಯಾವಾಗ ಬರುತ್ತದೆಂದು ಕೇಳುತ್ತಿದ್ದಾರಂತೆ. ಆಕೆ ಹೇಳುತ್ತಲೇ ಇದ್ದಳು. ಬಸವೇಶ ಲಕೋಟೆಯಿಂದ ಎರಡೂ ಪ್ರಿಂಟು ತೆಗೆದು ನೆಲದ ಮೇಲೆ ಇಟ್ಟ. ಬಾಯಿಪಾಠ ಮಾಡಿದ್ದು ಒಂದೂ ಬರಲಿಲ್ಲ.

‘ಯವ್ವಾ, ಇವೆರಡರಾಗ ಯಾವದು ಖರೇ?’

ದುರಗವ್ವ ಕುಕ್ಕುರುಗಾಲಿನಲ್ಲಿ ಕೂತು ಎರಡನ್ನೂ ನೋಡಿದಳು. ಒಂದನ್ನು ಎತ್ತಿ ತಿರುಗಿಸಿ ಬೆನ್ನು ನೋಡಿದಳು, ಮತ್ತೆ ಇಟ್ಟಳು. ಎದುರಿಗಿದ್ದ ಚಿತ್ರದ ಎಡಬಲ ಆಕೆಗೆ ಹರಿಯಲಿಲ್ಲ. ಎರಡು ಯಾಕೆ ಮಾಡಿದಿರಿ ಎಂದು ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಬಸವೇಶ ಕಾದ. ಆಕೆ ಕೇಳಲಿಲ್ಲ. ಎದ್ದು ಮೂಲೆಯಲ್ಲಿದ್ದ ಮಣೆ ತಂದು ಗೋಡೆಯ ಹತ್ತಿರ ಹಾಕಿ, ‘ಇಲ್ಲಿ ಕುಂದರ್ರಿ’ ಎಂದಳು. ಅವನು ಕೂತ. ಆಕೆ ಅವನ ಎಡಕ್ಕೆ ಬಂದು ಕೂತಳು, ತಲೆಯಾಡಿಸಿ ಎದ್ದು ಬಲಕ್ಕೆ ಬಂದು ಕೂತಳು. ಕೂತವಳ ಕೈ ತಾನೇ ಮುಂದೆ ಬಂತು, ತಾಟಿಗೆ ನೀಡುವವರ ಹಾಗೆ. ‘ನಾ ಈ ಬಾಜೂಕನ ಕುಂದರತಿದ್ದೆ. ಆ ಬಾಜೂಲಿಂದ ರೊಟ್ಟಿ ಹಾಕಿದ್ರ ಬೆಚ್ಚಿ ಬೀಳತಿದ್ರು’ ಎಂದಳು. ಮೂವತ್ತೆಂಟು ವರ್ಷ ಆ ಕೈ ಬಲದಿಂದಲೇ ನೀಡಿತ್ತು. ಹಾಗಾದರೆ ಕಾಣದೇ ಇದ್ದದ್ದು ಎಡಗಣ್ಣು. ಬಸವೇಶ ಎಡಗಣ್ಣಿನಲ್ಲಿ ಹೂ ಇದ್ದ ಪ್ರಿಂಟನ್ನು ಎತ್ತಿ ತೋರಿಸಿದ. ಹೌದು, ಇದೇ, ಹಾಳೆಯಲ್ಲಿ ಇದನ್ನೇ ಹಾಕುತ್ತೀರಲ್ಲ ಎಂದು ಆಕೆ ಕೇಳಿದಳು. ಹುಬ್ಬಳ್ಳಿಯಲ್ಲಿ ಆ ಹೊತ್ತಿಗೆ ಹೂವಿಲ್ಲದ ಮುಖಗಳು ಒಂದರ ಮೇಲೊಂದು ಬೀಳುತ್ತಿದ್ದವು. ‘ಹಾಕ್ತೇನ್ರಿ ಯವ್ವಾ’ ಎಂದ.

ಏಳಲು ಹೋದರೆ ಆಕೆ ಬಿಡಲಿಲ್ಲ. ಉಣ್ಣುವ ಮಣೆಯ ಮೇಲೆ ಕೂತವರು ಹಾಗೇ ಏಳಬಾರದಂತೆ. ಆ ಮನೆಯಲ್ಲಿ ಈ ಹಿಂದೆ ಅವನು ನೀರನ್ನೂ ಕುಡಿದಿರಲಿಲ್ಲ. ಅಂಗಡಿಗೆ ಬಂದ ಲಕ್ಕಪ್ಪನಿಗೆ ಚಹಾ ತರಿಸಿದರೂ ಕಾಗದದ ಕಪ್ಪಿನಲ್ಲಿ, ಹೊರಗೆ. ದುರಗವ್ವ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ, ಸೇಂಗಾ ಹಿಂಡಿ ಇಟ್ಟು, ಬಲಕ್ಕೆ ಬಂದು ಕೂತಳು. ಅವನು ತುತ್ತು ಮುರಿದ. ಈಗ ಹೇಳಿಬಿಡಬೇಕು ಎಂದುಕೊಂಡ, ಈ ತುತ್ತು ನುಂಗಿ ಹೇಳುತ್ತೇನೆ, ಇದೊಂದು ತುತ್ತು. ಆಕೆ ಪ್ರಿಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಅದರ ಮೇಲೆ ಬಿದ್ದ ಹಿಟ್ಟಿನ ಪುಡಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ರುಮಾಲು ಅವರದೇ, ಮೂಗು ಅವರದೇ ಎಂದಳು. ಆಮೇಲೆ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

‘ಕಣ್ಣ ಮಾತ್ರ ಅವರವಲ್ಲ ಬಿಡ್ರಿ. ಯಾರವ್ರಿ ಇವು?’

ಕಂಪ್ಯೂಟರಿನವು ಎಂದ ಬಸವೇಶ. ಅದರಲ್ಲಿ ಎಲ್ಲ ಥರದ ಕಣ್ಣೂ ಇರುತ್ತವೆ ಎಂದ.

‘ಅವರು ಯಾರಿಗೂ ಅಂಜಿದವರಲ್ಲ’ ಎಂದಳು ದುರಗವ್ವ. ಬೆರಳ ತುದಿಯಿಂದ ಆ ಕಣ್ಣುಗಳನ್ನು ಒಂದಾದ ಮೇಲೊಂದು ಮುಟ್ಟಿ ನೋಡಿದಳು. ‘ಯಾರವೋ, ಪಾಪ. ಭಾಳ ಅಂಜ್ಯಾವ.’

ಬಲಗಡೆಯಿಂದ ಇನ್ನೊಂದು ರೊಟ್ಟಿ ತಾಟಿಗೆ ಬಿತ್ತು. ಬಸವೇಶ ತಲೆ ಎತ್ತದೆ ಉಂಡ. ಎತ್ತಿದರೆ ಆಕೆ ನೋಡಿಬಿಡುತ್ತಿದ್ದಳು.